ಅರ್ಧಕ್ಕೆ ನಿಂತ ಶಟರ್‌ಗಳು

ಬೆಳಿಗ್ಗೆ ಐದೂ ಮುಕ್ಕಾಲು. ಶಿರಾ ಪೇಟೆ ಬೀದಿಯ ಟೀ ಅಂಗಡಿಯವನೂ ಇನ್ನೂ ಒಲೆ ಹಚ್ಚಿಲ್ಲ. ತುಮಕೂರಿನಿಂದ ಮೊದಲ ಬಸ್ಸಿಗೆ ಬಂದಿಳಿದ ನನಗೆ ಜನವರಿ ಚಳಿಯಲ್ಲಿ ಹಲ್ಲು ಕಟಕಟ ಎನ್ನುತ್ತಿವೆ. ನಮ್ಮ ಪುರವಣಿ ಸಂಪಾದಕರಿಗೆ ಮನಸ್ಸಿನಲ್ಲೇ ನಾಲ್ಕು ಮಾತು ಅಂದುಕೊಳ್ಳುತ್ತಿದ್ದೇನೆ. ಎದುರು ಸಾಲಿನ ಎರಡನೇ ಅಂಗಡಿಯ ಮುಂದೆ, ಕಬ್ಬಿಣದ ಸ್ಟೂಲಿನ ಮೇಲೆ ಒಬ್ಬ ಹೆಂಗಸು ನಿಂತಿದ್ದಾರೆ. ತಲೆ ತುಂಬ ಸೆರಗು, ಹಣೆಗೆ ಕಟ್ಟಿದ ಟಾರ್ಚು, ಮೊಣಕೈವರೆಗೆ ಕರಿ ಗ್ರೀಸು. ರೋಲಿಂಗ್ ಶಟರ್ ಸುತ್ತಿಕೊಳ್ಳುವ ಪೈಪಿನ ಸಂದಿಯಲ್ಲಿ ಅವರ ಬಲಗೈ ಏನನ್ನೋ ತಡಕುತ್ತಿದೆ.

“ಕೆಳಗೆ ನಿಂತ್ಕಬ್ಯಾಡಿ ಸಾರ್,” ಎನ್ನುತ್ತಾರೆ, ನನ್ನ ಕಡೆ ತಿರುಗದೆಯೇ. “ಒಳಗೆ ಸ್ಪ್ರಿಂಗ್ ಐತೆ. ಅದು ಬಿಚ್ಕಂತು ಅಂದ್ರೆ ಪೇಪರ್ನೋರು, ಪೊಲೀಸ್ನೋರು ಅಂತೆಲ್ಲ ನೋಡಲ್ಲ. ಆ ಕಡೆ ಕಟ್ಟೆ ಮ್ಯಾಲೆ ಕೂತ್ಕಳಿ.”

ನಾನು ಹೋಗಿ ಕಟ್ಟೆಯ ಮೇಲೆ ಕೂರುತ್ತೇನೆ.

ಇವರು ಮಹಜಬೀನ್. ನಲವತ್ತನಾಲ್ಕು ವರ್ಷ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಅಂಗಡಿಗಳ ಶಟರ್ ರಿಪೇರಿ ಇವರ ಕಸುಬು. ಇವತ್ತು ಶನಿವಾರ. ಸಂಜೆ ಏಳಕ್ಕೆ ಇದೇ ಸಾಲಿನ ಅಂಗಡಿಗಳಲ್ಲಿ ಒಂದು ನಾಟಕ ನಡೆಯಲಿದೆ. ನೋಡುವವರು ಬೀದಿಯಲ್ಲೇ ನಿಲ್ಲುತ್ತಾರೆ. ಮುಚ್ಚಿದ ಶಟರ್‌ಗಳ ಮೇಲೆ ಎದುರಿನ ಮಹಡಿಯಿಂದ ಪ್ರೊಜೆಕ್ಟರಿನ ಚಿತ್ರಗಳು ಬೀಳುತ್ತವೆ. ಶಟರ್ ಎದ್ದರೆ ಒಳಗೆ ನಟರು. ಅಂಗಡಿಗೊಂದು ಸ್ಪೀಕರು ಇದ್ದು, ಶಬ್ದ ಒಂದರಿಂದ ಇನ್ನೊಂದಕ್ಕೆ ನಡೆದುಕೊಂಡು ಹೋಗುತ್ತದೆ. ಐವತ್ತು ನಿಮಿಷದಲ್ಲಿ ಈ ಬೀದಿಯ ಅರವತ್ತು ವರ್ಷ ಕಣ್ಣ ಮುಂದೆ ಹಾದುಹೋಗುತ್ತದಂತೆ. ಮಧುಗಿರಿಯ ಲೋಹಿತಾ ಎಂಬ ಯುವತಿ ಇದರ ನಿರ್ದೇಶಕಿ.

ಆಮಂತ್ರಣದಲ್ಲಿ ‘ಮಲ್ಟಿಮೀಡಿಯಾ ರಂಗಪ್ರಯೋಗ’ ಎಂದು ಓದಿ ನಾನು ಮೂಗು ಮುರಿದಿದ್ದೆ, ಸುಳ್ಳೇಕೆ ಹೇಳಲಿ. ಬಂದು ನೋಡಿದರೆ ಈ ನಾಟಕಕ್ಕೆ ಪರದೆಯೇ ಇಲ್ಲ, ಶಟರ್‌ಗಳೇ ಪರದೆ. ಮೋಟಾರೂ ಇಲ್ಲ. ಒಳಗಿನಿಂದ ಹಗ್ಗ ಎಳೆದು ಏರಿಸಬೇಕು, ಇಳಿಸಬೇಕು, ಸಪ್ಪಳ ಮಾತ್ರ ಆಗಕೂಡದು. ಇಪ್ಪತ್ತು ಮೂವತ್ತು ವರ್ಷ ತುಕ್ಕು ಹಿಡಿದ ಶಟರ್‌ಗಳನ್ನು ಬೆಕ್ಕಿನ ಹೆಜ್ಜೆಗೆ ಒಗ್ಗಿಸಿದವರು ಮಹಜಬೀನ್. ಆಮಂತ್ರಣದಲ್ಲಿ ಹದಿನೆಂಟು ಹೆಸರುಗಳಿವೆ, ಇವರದೊಂದಿಲ್ಲ.

ಸಾಲಿನಲ್ಲಿ ಅಂಗಡಿಗಳು ಏಳು. ನಾಟಕಕ್ಕೆ ಉಳಿದಿರುವುದು ಆರು. ನಡುವಿನ ನಾಲ್ಕನೆಯದು ಕೈತಪ್ಪಿ ಒಂಬತ್ತು ದಿನವಾಯಿತು.

ಆರೂ ಐವತ್ತಕ್ಕೆ ಮಹಜಬೀನ್ ಸ್ಟೂಲಿನಿಂದ ಇಳಿದು, ಕೈ ಒರೆಸಿಕೊಂಡು, ಅದೇ ನಾಲ್ಕನೇ ಅಂಗಡಿಯ ಮುಂದೆ ಹೋಗಿ ನಿಲ್ಲುತ್ತಾರೆ. ಹಗ್ಗ, ಬಕೆಟ್ಟು, ಬುಟ್ಟಿ, ಗುದ್ದಲಿ ಮಾರುವ ಅಡವಯ್ಯನವರ ಅಂಗಡಿ ಅದು. ಅವರ ಮನೆಯೂ ಅಲ್ಲೇ ಮೇಲೆ. ಪಕ್ಕದ ಮೆಟ್ಟಿಲಿಳಿದು ಅವರ ಹೆಂಡತಿ ಶಿವರುದ್ರಮ್ಮ ಬರುತ್ತಾರೆ. ಎಪ್ಪತ್ತು ದಾಟಿದ ವಯಸ್ಸು, ಹಣೆ ತುಂಬ ವಿಭೂತಿ, ಎಡಗೈ ಮಣಿಕಟ್ಟಿಗೆ ಪಟ್ಟಿ. ಎದುರಿಗೊಬ್ಬರು ನಿಂತಿದ್ದಾರೆ ಎಂಬುದೇ ಕಾಣದವರಂತೆ ಬಗ್ಗಿ ಬೀಗ ತೆಗೆಯುತ್ತಾರೆ. ಬೀಗ ಕಳಚುವ ಹೊತ್ತಿಗೆ ಸರಿಯಾಗಿ ಮಹಜಬೀನ್ ಎರಡೂ ಕೈಯಿಂದ ಶಟರಿನ ತಳದ ಪಟ್ಟಿ ಹಿಡಿದು ಮೈಭಾರವೆಲ್ಲ ಅದರ ಮೇಲೆ ಬಿಡುತ್ತಾರೆ. ಶಟರ್ ಮೇಲಕ್ಕೆ ಚಿಮ್ಮಲು ನೋಡುತ್ತದೆ. ಇವರು ಬಿಡುವುದಿಲ್ಲ. ಅಂಗುಲ ಅಂಗುಲವಾಗಿ ಮೇಲೆ ಬಿಡುತ್ತಾರೆ. ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಟ್ಟೆಯಿಂದಲೇ ಕಾಣುತ್ತದೆ.

ಶಟರ್ ಮೇಲೆ ಸೇರುತ್ತದೆ. ಶಿವರುದ್ರಮ್ಮ ಒಳಗೆ ಹೋಗಿ ದೇವರ ಫೋಟೊಗೆ ಊದುಬತ್ತಿ ಹಚ್ಚುತ್ತಾರೆ. ಮಹಜಬೀನ್ ತಮ್ಮ ಸ್ಟೂಲಿಗೆ ಮರಳುತ್ತಾರೆ. ಇಬ್ಬರ ನಡುವೆ ಒಂದು ಮಾತಿಲ್ಲ, ಒಂದು ನೋಟವಿಲ್ಲ. ಹೀಗೆ ನಡೆಯುತ್ತಿರುವುದು ಇದು ಆರನೇ ಬೆಳಿಗ್ಗೆ.

“ಏನಮ್ಮಾ ಇದು?” ಎನ್ನುತ್ತೇನೆ.

“ಹೇಳ್ತೀನಿ ಸಾರ್. ಇದ್ರ ಗ್ರೀಸು ಮುಗೀಲಿ ಮೊದ್ಲು.”

ಅಷ್ಟರಲ್ಲಿ ಗಂಡ ಹುಸೇನ್ ಸಾಬ್ ಫ್ಲಾಸ್ಕಿನಲ್ಲಿ ಟೀ ತರುತ್ತಾರೆ. ಈ ಕಸುಬು ಮೊದಲು ಅವರದು. ಆರು ವರ್ಷದ ಹಿಂದೆ ಮಧುಗಿರಿಯ ಬಟ್ಟೆ ಅಂಗಡಿಯೊಂದರಲ್ಲಿ ಸ್ಪ್ರಿಂಗು ಕಳಚಿ ಅವರ ಬಲಗೈ ಮುರಿಯಿತು. ಮೂಳೆ ಕೂಡಿತು, ಹಿಡಿತ ಬರಲಿಲ್ಲ. “ಲೋಟ ಹಿಡೀಬೋದು, ಸ್ಪ್ಯಾನರ್ ಆಗಲ್ಲ. ಇವಳಿಗೆ ನಾನು ಏನೂ ಕಲಿಸ್ಲಿಲ್ಲ, ಕಸಮ್. ಅವಳೇ ಕಲ್ತಿದ್ದು,” ಎಂದು ನಗುತ್ತಾರೆ.

“ಇಪ್ಪತ್ತು ವರ್ಷ ಇವರ ಸ್ಟೂಲ್ ಹಿಡ್ಕಂಡಿದ್ದೆ ಸಾರ್,” ಎನ್ನುತ್ತಾರೆ ಮಹಜಬೀನ್. “ಹಿಡ್ಕಂಡು ನೆಲ ನೋಡ್ತಿದ್ನಾ? ಮ್ಯಾಲೇನೇ ನೋಡ್ತಿದ್ದೆ.”

ಆದರೂ ಮೊದಲ ವರ್ಷ ಸುಲಭವಿರಲಿಲ್ಲ. ಕೊರಟಗೆರೆಯ ಒಬ್ಬ ಅಂಗಡಿಯವರು ಇವರನ್ನು ಮೇಲಿಂದ ಕೆಳಗೆ ನೋಡಿ, “ಗಂಡಸ್ರು ಯಾರೂ ಬಂದಿಲ್ವೇನಮ್ಮಾ?” ಎಂದರಂತೆ. “ಬಂದವ್ರೆ, ಸ್ಟೂಲ್ ಹಿಡ್ಕತಾರೆ ಅಂದೆ,” ಎಂದು ಮಹಜಬೀನ್ ಗಂಡನ ಕಡೆ ಕಣ್ಣು ಹಾಯಿಸುತ್ತಾರೆ. ಪಾವಗಡದಲ್ಲಿ ಈಗಲೂ ಇವರು ಸ್ಟೂಲು ಹತ್ತಿದರೆ ಅಂಗಡಿಯವರು ಒಳಗಿನಿಂದಲೇ ತೆಲುಗಿನಲ್ಲಿ “ನಿದಾನಂಗಾ ಅಮ್ಮಾ, ನಿದಾನಂಗಾ” ಎನ್ನುತ್ತಲೇ ಇರುತ್ತಾರಂತೆ. ಅವರು ಹಾಗನ್ನುವುದು ತನಗೋ ಶಟರಿಗೋ ಎಂದು ಇವರಿಗೆ ಇನ್ನೂ ಗೊತ್ತಾಗಿಲ್ಲ.

ನಾಲ್ಕು ಗಂಟೆಗೆ ಏಳುತ್ತಾರೆ. ಅಂಗಡಿಗಳು ತೆರೆಯುವ ಮೊದಲು ಎರಡು, ಹೆಚ್ಚೆಂದರೆ ಮೂರು ಶಟರ್. ಒಂದೊಂದೂ ಎರಡಾಳು ತೂಕ. ವ್ಯಾಪಾರದ ಹೊತ್ತಿನಲ್ಲಿ ಶಟರ್ ಮುಟ್ಟಲು ಯಾರೂ ಬಿಡುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆ ಸ್ಪ್ಯಾನರಿಗಿಂತ ಮುಖ್ಯವಾದದ್ದು ಅಂಗಡಿಯ ಬೀಗದ ಕೈ. ಶಿರಾ ಒಂದರಲ್ಲೇ ಮೂವತ್ತೊಂದು ಅಂಗಡಿಗಳ ಬೀಗದ ಕೈ ಇವರ ಮನೆಯಲ್ಲಿ ಇರುತ್ತಿದ್ದವು. ಒಳಗೆ ಗಲ್ಲಾಪೆಟ್ಟಿಗೆ ಇರುತ್ತದೆ, ಸರಕು ಇರುತ್ತದೆ, ಯಾರೂ ಒಂದು ದಿನ ಅನುಮಾನಿಸಿದವರಲ್ಲ. ಇವತ್ತು ಅವರ ಹತ್ತಿರ ಇರುವುದು ಹನ್ನೆರಡು. ಹತ್ತೊಂಬತ್ತು ಜನ ವಾಪಸು ತೆಗೆದುಕೊಂಡಿದ್ದಾರೆ, ಅದೂ ಈ ಒಂಬತ್ತು ದಿನಗಳಲ್ಲಿ.

ಈಗ ಒಂಬತ್ತು ದಿನದ ಹಿಂದಿನದನ್ನು ಹೇಳಲೇಬೇಕು.

ಶಟರಿನ ಭಾರ ಕೆಳಗೆ ಎಳೆಯುತ್ತದೆ, ಪೈಪಿನೊಳಗಿನ ಸ್ಪ್ರಿಂಗು ಮೇಲಕ್ಕೆ ಎಳೆಯುತ್ತದೆ. ಸ್ಪ್ರಿಂಗಿನ ಸುತ್ತು ಕಮ್ಮಿಯಾದರೆ ಶಟರ್ ಕುಸಿಯುತ್ತದೆ, ಜಾಸ್ತಿಯಾದರೆ ಚಿಮ್ಮುತ್ತದೆ. ಎರಡೂ ಸಮವಿದ್ದರೆ ಬಿಟ್ಟಲ್ಲೇ ನಿಲ್ಲುತ್ತದೆ. ಕೆಲಸ ಸರಿಯಾಗಿದೆಯೇ ಎಂದು ನೋಡಲು ಶಟರನ್ನು ಅರ್ಧಕ್ಕೆ ಬಿಟ್ಟು, ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಒಂದು ಗಂಟೆ ಬಿಟ್ಟು ಬರುವುದು ಹುಸೇನ್ ಸಾಬರು ಇಟ್ಟ ಪದ್ಧತಿ. ಗೆರೆಗಿಂತ ಒಂದು ಬೆರಳು ಜಾರಿದ್ದರೂ ಮತ್ತೆ ಬಿಚ್ಚಬೇಕು.

ಇನ್ನು ಬೀದಿಯ ಪದ್ಧತಿ ಬೇರೆಯೇ ಒಂದಿದೆ. ಇಲ್ಲಿ ಯಾರ ಹೆಣ ಹೋದರೂ, ಜನಾಜಾ ಆಗಲಿ ಚಟ್ಟವಾಗಲಿ, ಅಂಗಡಿಯವರು ಎದ್ದು ಶಟರನ್ನು ಅರ್ಧಕ್ಕೆ ಇಳಿಸುತ್ತಾರೆ. ಹೆಣ ದಾಟಿದ ಮೇಲೆ ಏರಿಸುತ್ತಾರೆ. ಬೀದಿಯ ವರ್ತಕರೇ ತೀರಿಕೊಂಡರೆ ಮಾತ್ರ ಬೆಳಗಿನಿಂದಲೇ ಸಾಲಿಗೆ ಸಾಲು ಅರ್ಧಕ್ಕೆ ನಿಲ್ಲುತ್ತದೆ. ಲೋಹಿತಾ ಅವರ ನಾಟಕದ ನಡುವೆಯೂ ಇಂಥದೇ ಒಂದು ಸಾವಿದೆ. ಹೆಣ ಕಾಣುವುದಿಲ್ಲ, ನೂರಾರು ಕಾಲುಗಳ ಸಪ್ಪಳ ಮಾತ್ರ ಬೀದಿಯುದ್ದಕ್ಕೂ ಸಾಗುತ್ತದೆ, ಶಟರ್‌ಗಳು ಒಂದೊಂದಾಗಿ ಅರ್ಧಕ್ಕೆ ಇಳಿಯುತ್ತವೆ.

ಏಳೂ ಶಟರ್ ಒಂದೇ ಗೆರೆಗೆ ನಿಲ್ಲಬೇಕಿತ್ತು. ಆ ಗುರುವಾರ ನಸುಕಿನಲ್ಲಿ ಮಹಜಬೀನ್ ಏಳನ್ನೂ ಅರ್ಧಕ್ಕೆ ಬಿಟ್ಟು, ಗೆರೆ ಹಾಕಿ, ಎಂದಿನಂತೆ ಒಂದು ಗಂಟೆ ಮನೆಗೆ ಹೋದರು. ರೊಟ್ಟಿ ಮಾಡಬೇಕಿತ್ತು. ಬೀದಿಯ ಅತಿ ಹಿರಿಯ ವರ್ತಕ, ಎಂಬತ್ತೊಂದರ ಅಡವಯ್ಯ, ಆಗ ಎದೆನೋವಿಗೆ ತುಮಕೂರಿನ ಆಸ್ಪತ್ರೆಯಲ್ಲಿದ್ದರು. ಇದು ಊರಿಗೆಲ್ಲ ಗೊತ್ತಿತ್ತು. ಏಳು ಗಂಟೆಗೆ ಹಾಲು ತರಲು ಹೊರಟವರು ಸಾಲನ್ನು ನೋಡಿದರು. ಇನ್ನೇನು ಕೇಳುವುದು! ಫೋನುಗಳು ಹಾರಿದವು. ಎಂಟಕ್ಕೆ ಅಡವಯ್ಯನವರ ಫೋಟೊಗೆ ಹೂವಿನ ಚೌಕಟ್ಟು ಹಾಕಿದ ವಾಟ್ಸಪ್ ಸ್ಟೇಟಸ್ಸು. ಎಂಟೂವರೆಗೆ ಬುಕ್ಕಾಪಟ್ಟಣದ ನೆಂಟರು ಟೆಂಪೊದಲ್ಲಿ ಹಾರದ ಸಮೇತ ಬಂದಿಳಿದರು.

ಆಸ್ಪತ್ರೆಯಲ್ಲಿ ಶಿವರುದ್ರಮ್ಮ ಕೆಳಗಿನ ಕ್ಯಾಂಟೀನಿನಲ್ಲಿ ಗಂಡನಿಗೆ ಗಂಜಿ ಹಾಕಿಸಿಕೊಳ್ಳುತ್ತಿದ್ದರು. ಫೋನು ಬಂತು. ನಾದಿನಿಯ ದನಿ: “ಅತ್ತಿಗೆ, ಮಣ್ಣು ಎಷ್ಟೊತ್ತಿಗೆ?”

ತಾನು ಕೆಳಗೆ ಬಂದ ಐದು ನಿಮಿಷದಲ್ಲೇ ಹೋಗಿಬಿಟ್ಟರು ಎಂದು ಆ ತಾಯಿ ತಿಳಿದರು. ಗಂಜಿ ಅಲ್ಲೇ ಬಿಟ್ಟು ಮೂರು ಮಹಡಿ ಹತ್ತಿ ಓಡಿದರು. ಕೊನೆಯ ತಿರುವಿನಲ್ಲಿ ಬಿದ್ದು ಮಣಿಕಟ್ಟು ಉಳುಕಿತು. ತೆವಳಿಕೊಂಡೇ ವಾರ್ಡಿನ ಬಾಗಿಲಿಗೆ ಬಂದರೆ ಅಡವಯ್ಯ ಹಾಸಿಗೆಯ ಮೇಲೆ ಕೂತು, ಗಂಜಿ ಇನ್ನೂ ಯಾಕೆ ಬರಲಿಲ್ಲ ಎಂದು ನರ್ಸನ್ನು ಬೈಯುತ್ತಿದ್ದರು.

ಕೇಳಿದಾಗ ನನಗೆ ನಗು ಬಂತು. ಮಹಜಬೀನ್ ನಗಲಿಲ್ಲ, ಕಣ್ಣು ಒರೆಸಿಕೊಂಡರು. ನನಗೆ ನಾಚಿಕೆಯಾಯಿತು.

“ಒಂದೊಂದೇ ಶಟ್ರು ಮಾಡುವಾಗ ಯಾರೂ ಏನೂ ಅನ್ಕಣಲ್ಲ ಸಾರ್. ಏಳೂ ಒಟ್ಟಿಗೆ ಬಿಟ್ರೆ ನೋಡ್ದೋರು ಏನಂತಾರೆ ಅಂತ ನನ್ನ ತಲೆಗೆ ಬರ್ಲೇ ಇಲ್ಲ. ನಾನೂ ಇದೇ ಊರಾಗೆ ಹುಟ್ಟಿದೋಳು. ಹೆಂಗೆ ಮರ್ತೆ? ಆ ಅಮ್ಮ ಮೆಟ್ಲಾಗೆ ಬಿದ್ದಿದ್ದು ನೆನೆಸ್ಕಂಡ್ರೆ ಈಗ್ಲೂ ಊಟ ಸೇರಲ್ಲ.”

ಅವತ್ತೇ ಮಧ್ಯಾಹ್ನ ಬಸ್ಸು ಹತ್ತಿ ಆಸ್ಪತ್ರೆಗೆ ಹೋದರು. ಶಿವರುದ್ರಮ್ಮ ಗೋಡೆಯ ಕಡೆ ಮುಖ ತಿರುಗಿಸಿ ಕೂತರು. ಸಂಜೆಗೆ ಅವರ ಮಗ ಪ್ರಭುದೇವ್ ಬಂದು ನಾಲ್ಕನೇ ಅಂಗಡಿಯ ಬೀಗದ ಕೈ ತೆಗೆದುಕೊಂಡು ಹೋದರು. ಮರುದಿನದಿಂದ ಉಳಿದವರು. ಇಂಥವಳ ಕೈಯಲ್ಲಿ ಅಂಗಡಿ ಬಿಟ್ಟರೆ ನಾಳೆ ಇನ್ನೇನು ಅಪಶಕುನ ತರುತ್ತಾಳೋ ಎಂಬ ಮಾತು ಮನೆಯಿಂದ ಮನೆಗೆ ಹೋಯಿತು.

ಭಾನುವಾರ ಪ್ರಭುದೇವ್ ಹೊರಗಿನಿಂದ ಬೇರೊಬ್ಬ ಮೆಕ್ಯಾನಿಕ್ಕನ್ನು ಕರೆಸಿದರು. ಆತ ಸ್ಪ್ರಿಂಗಿಗೆ ಎರಡೂವರೆ ಸುತ್ತು ಜಾಸ್ತಿ ಕೊಟ್ಟು ಹೋದ. ಹೇಗೆ ಗೊತ್ತು ಎಂದರೆ ಮಹಜಬೀನ್ ನನ್ನನ್ನು ಪಾಪದವನಂತೆ ನೋಡುತ್ತಾರೆ. “ಮನೆಗೋಗೋವಾಗ ಅವ್ರು ಮುಚ್ತಿದ್ರು, ಸದ್ದು ಕೇಳ್ತಲ್ಲ ಸಾರ್. ಶಟ್ರು ಅಳ್ತಿತ್ತು.” ಬೆಳಿಗ್ಗೆ ಅಂಗಡಿ ತೆರೆಯುವವರು ಶಿವರುದ್ರಮ್ಮ, ಅದೂ ಒಂದು ಕೈಯಲ್ಲಿ. ಚಿಮ್ಮಿದರೆ ಗದ್ದ ಒಡೆಯುತ್ತದೆ. ಮಹಜಬೀನ್ ಇದನ್ನು ಪ್ರಭುದೇವ್‌ಗೆ ಹೇಳಿದರು. “ನೀನು ಮಾಡಿರೋದು ಸಾಕು” ಎಂಬ ಉತ್ತರ ಬಂತು. ಸೋಮವಾರದಿಂದ ಇವರು ಬೆಳಿಗ್ಗೆ ಆರೂ ಐವತ್ತಕ್ಕೆ ಅಲ್ಲಿ ಹೋಗಿ ನಿಲ್ಲುತ್ತಿರುವುದು ಇದಕ್ಕೆ.

ಮಧ್ಯಾಹ್ನ ನಾನು ಮಹಡಿ ಹತ್ತಿ ಅಡವಯ್ಯನವರನ್ನು ಕಾಣುತ್ತೇನೆ. ಕಳೆದ ಭಾನುವಾರವೇ ಮನೆಗೆ ಬಂದಿದ್ದಾರೆ. ದಿಂಬಿಗೆ ಒರಗಿ, ಒಳ್ಳೇ ಹುರುಪಿನಲ್ಲಿದ್ದಾರೆ. “ಸತ್ರೆ ಎಷ್ಟು ಜನ ಬತ್ತಾರೆ ಅಂತ ಬದುಕಿದ್ದಾಗ್ಲೇ ಲೆಕ್ಕ ಸಿಕ್ತು ಕಣಪ್ಪ. ದೊಡ್ಡೇರಿ ನೆಂಟ್ರು ಬರ್ಲೇ ಇಲ್ಲ, ಬಡ್ಡೀಮಕ್ಳು!” ಎಂದು ಕೆಮ್ಮುತ್ತ ನಗುತ್ತಾರೆ. ಬಾಗಿಲಲ್ಲಿ ನಿಂತ ಶಿವರುದ್ರಮ್ಮನವರ ಮುಖ ನೋಡಿ ನಗು ನಿಲ್ಲಿಸುತ್ತಾರೆ.

“ನಿಮಗೆ ನಗೆ,” ಎನ್ನುತ್ತಾರೆ ಆಕೆ. “ಆ ಮೆಟ್ಲು ಹತ್ತಿದೋಳು ನಾನು.”

ಮಹಜಬೀನ್ ಬಗ್ಗೆ ಕೇಳಬೇಕೆಂದು ಹೋದವನು ಏನೂ ಕೇಳದೆ ಇಳಿದು ಬರುತ್ತೇನೆ.

ಕೆಳಗೆ ಬೀದಿಯಲ್ಲಿ ಎಲ್ಲರ ನರ ಬಿಗಿದಿದೆ. ಎದುರಿನ ಮಹಡಿಯಲ್ಲಿ ಪ್ರೊಜೆಕ್ಟರ್ ಹೊಂದಿಸುತ್ತಿರುವ ಗೌರೀಶ್, ನಡುವಿನ ಅಂಗಡಿಯ ಟ್ಯೂಬ್‌ಲೈಟು ಉರಿದರೆ ಅಕ್ಕಪಕ್ಕದ ಚಿತ್ರಗಳು ಬೆಳ್ಳಗಾಗುತ್ತವೆ ಎಂದು ಕೂಗಾಡುತ್ತಿದ್ದಾರೆ. ಮೂರನೇ ಅಂಗಡಿಯ ಶಟರ್ ಎಲ್ಲಕ್ಕಿಂತ ಹಳೆಯದು, ಅದರ ಹಗ್ಗ ಖುದ್ದು ಮಹಜಬೀನ್ ಕೈಯಲ್ಲಿ. ಉಳಿದವಕ್ಕೆ ನಟರೇ. ಸಂಜೆ ನಾಲ್ಕಕ್ಕೆ ಮಹಜಬೀನ್ ಲೋಹಿತಾರನ್ನು ಪಕ್ಕಕ್ಕೆ ಕರೆಯುತ್ತಾರೆ.

“ಆ ಸೀನ್ ಒಂದು ತೆಗೆದ್ಬುಡಮ್ಮಾ. ಅರ್ಧಕ್ಕೆ ಬ್ಯಾಡ. ಇವತ್ತೂ ಯಾರಾದ್ರೂ ತಪ್ಪು ತಿಳ್ಕಂಡ್ರೆ ಉಳಿದಿರೋ ಹನ್ನೆರಡೂ ಹೋಯ್ತವೆ. ಆಮೇಲೆ ನಾನು ಈ ಊರಾಗೆ ಏನು ಮಾಡ್ಲಿ? ನಮ್ ಯಜಮಾನ್ರ ಕೈ ನೋಡಿದ್ದೀಯಲ್ಲ.”

ಲೋಹಿತಾ ತುಟಿ ಕಚ್ಚಿಕೊಳ್ಳುತ್ತಾರೆ. “ಅಕ್ಕಾ, ನಾಟಕ ಇರೋದೇ ಆ ಸೀನಲ್ಲಿ. ಆದ್ರೂ ನೀವು ಬೇಡ ಅಂದ್ರೆ ತೆಗೀತೀನಿ. ನೀವೇ ಹೇಳಿ.”

ಮಹಜಬೀನ್ ಗೋಡೆಯ ಹತ್ತಿರ ಹೋಗಿ ಸೀಮೆಸುಣ್ಣದ ಗೆರೆಯ ಮೇಲೆ ಬೆರಳಾಡಿಸುತ್ತಾರೆ. ನಾಲ್ಕು ವಾರದ ಕೆಲಸ ಅಲ್ಲಿದೆ. “ಬೋರ್ಡ್ ಹಾಕು,” ಎನ್ನುತ್ತಾರೆ ಕೊನೆಗೆ. “ಎರಡೂ ಕಡೆ ದೊಡ್ಡದಾಗಿ ಹಾಕು, ಇದು ನಾಟಕ ಅಂತ.” ಬೀದಿಯ ಎರಡೂ ತುದಿಯಲ್ಲಿ ಬೋರ್ಡು ಬೀಳುತ್ತದೆ. ಆಟೊದಲ್ಲಿ ಮೈಕು ಕಟ್ಟಿ ಊರೆಲ್ಲ ಸಾರುತ್ತಾರೆ.

ಆರೂ ಮುಕ್ಕಾಲಿಗೆ ಪೊಲೀಸರು ಬೀದಿಗೆ ಅಡ್ಡಗಟ್ಟೆ ಇಡುತ್ತಾರೆ. ಮುನ್ನೂರು ಜನವಾದರೂ ಸೇರಿದ್ದಾರೆ. ಲೋಹಿತಾ ಕೊನೆಯ ಸಲ ಪ್ರಭುದೇವ್ ಹತ್ತಿರ ಹೋಗುತ್ತಾರೆ. “ಅಣ್ಣಾ, ಅಂಗಡಿ ಬೇಡ. ಲೈಟ್ ಮಾತ್ರ ಆರಿಸಿ, ಒಂದು ಗಂಟೆ.”

“ನಮ್ಮಪ್ಪನ್ನ ಒಂದ್ಸಾರಿ ಸಾಯ್ಸಿದ್ದೀರ. ಸಾಕು, ಹೋಗಮ್ಮ,” ಎಂದು ಪ್ರಭುದೇವ್ ತಾಯಿಯನ್ನು ಗಲ್ಲಾದಲ್ಲಿ ಕೂರಿಸಿ, ತಂದೆಗೆ ಮಾತ್ರೆ ಕೊಡಲು ಮೇಲೆ ಹೋಗುತ್ತಾರೆ.

ಬೀದಿ ದೀಪಗಳು ಆರುತ್ತವೆ. ಕತ್ತಲಲ್ಲಿ ಏಳು ಅಂಗಡಿಗಳ ಉದ್ದ ಸಾಲು, ನಡುವೆ ಟ್ಯೂಬ್‌ಲೈಟಿನ ಕೆಳಗೆ ಹಗ್ಗದ ಕಂತೆಗಳ ಮಧ್ಯೆ ಒಬ್ಬ ಮುದುಕಿ. ನಾನು ಜನರ ನಡುವೆ ನಿಂತಿದ್ದೇನೆ. ಒಂದನೇ ಶಟರಿನ ಮೇಲೆ ಹಳೇ ಬಸ್ಸೊಂದು ಬಂದು ನಿಲ್ಲುತ್ತದೆ. ಶಟರ್ ಏಳುತ್ತದೆ. ಸಪ್ಪಳವೇ ಇಲ್ಲ! ಒಳಗೆ ಹೊಲಿಗೆ ಮಿಷನ್ನಿನ ಮುಂದೆ ಒಬ್ಬ ದರ್ಜಿ. ಎರಡನೆಯದರ ಮೇಲೆ ಮಳೆ ಸುರಿಯುತ್ತದೆ, ಐದನೆಯದರಲ್ಲಿ ಮದುವೆ ಮನೆ. ನಡುವಿನ ಬೆಳಕು ಕಣ್ಣಿಗೆ ಚುಚ್ಚುತ್ತಿದ್ದರೂ ಜನ ಅತ್ತಿಂದಿತ್ತ ಹೆಜ್ಜೆ ಹಾಕುತ್ತ, ಕತ್ತು ಚಾಚುತ್ತ ನೋಡುತ್ತಿದ್ದಾರೆ. ಮೂಗು ಮುರಿದಿದ್ದ ನಾನೂ ಅವರೊಂದಿಗೆ ಓಡಾಡುತ್ತಿದ್ದೇನೆ.

ಮೂವತ್ತನೇ ನಿಮಿಷಕ್ಕೆ ಎಲ್ಲ ಚಿತ್ರಗಳೂ ಆರುತ್ತವೆ. ಶಟರ್‌ಗಳೆಲ್ಲ ಮೇಲಿವೆ. ಬೀದಿಯ ಎಡತುದಿಯಿಂದ ಕಾಲಿನ ಸಪ್ಪಳ ಶುರುವಾಗುತ್ತದೆ. ತಮಟೆ ಇಲ್ಲ, ಮಂತ್ರವಿಲ್ಲ, ಕಲ್ಮಾ ಇಲ್ಲ, ಬರೀ ಕಾಲುಗಳು. ನನ್ನ ಬೆನ್ನ ಹಿಂದೆಯೇ ಹೋಗುತ್ತಿರುವಂತಾಗಿ ನಾನು ತಿರುಗಿ ನೋಡುತ್ತೇನೆ. ಒಂದನೆಯ ಶಟರ್ ಅರ್ಧಕ್ಕೆ ಇಳಿಯುತ್ತದೆ. ಎರಡನೆಯದು. ಮೂರನೆಯದು. ಸಪ್ಪಳ ನಾಲ್ಕನೇ ಅಂಗಡಿಯ ಮುಂದೆ ಬರುತ್ತದೆ.

ಶಿವರುದ್ರಮ್ಮ ಎದ್ದು ನಿಲ್ಲುತ್ತಾರೆ.

ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾರೆ. ಮೂಲೆಯಲ್ಲಿದ್ದ ಕೊಕ್ಕೆ ಕೋಲು ತೆಗೆದು, ಹೊಸ್ತಿಲ ಹೊರಗೆ ಬಂದು, ಶಟರಿಗೆ ಸಿಕ್ಕಿಸಿ ಎಳೆಯುತ್ತಾರೆ. ಐವತ್ತು ವರ್ಷ ಆ ಅಂಗಡಿಯಲ್ಲಿ ಕೂತ ಕೈ ಅದು. ಬಿಗಿದ ಸ್ಪ್ರಿಂಗು ಕಿರುಗುಟ್ಟುತ್ತದೆ. ಶಟರ್ ಎದೆ ಮಟ್ಟಕ್ಕೆ ಬರುತ್ತದೆ. ಆಗ ಎಡಗೈ ಸೋಲುತ್ತದೆ. ಕೋಲು ಕೈಯಲ್ಲೇ ಅದುರುತ್ತಿದೆ, ಬಿಟ್ಟರೆ ಮುಖಕ್ಕೇ ಹೊಡೆಯುತ್ತದೆ, ಹಿಡಿದರೆ ಆಕೆಯನ್ನೇ ಎತ್ತುತ್ತದೆ. ಜನ ನಾಟಕವೆಂದೇ ನೋಡುತ್ತಿದ್ದಾರೆ. ನಾಟಕವಲ್ಲವೆಂದು ನನಗೆ ಗೊತ್ತು, ಕಾಲು ಮಾತ್ರ ಏಳುತ್ತಿಲ್ಲ. ಹಾಳಾದ ಕಾಲು!

ಮೂರನೇ ಅಂಗಡಿಯ ಅರ್ಧ ಶಟರಿನ ಕೆಳಗಿಂದ ಮಹಜಬೀನ್ ನುಸುಳಿ ಬರುತ್ತಾರೆ. ಹಗ್ಗ ಬಿಟ್ಟು ಬಂದಿದ್ದಾರೆ, ಬರಿಗಾಲಲ್ಲಿ. ಎರಡೇ ನೆಗೆತಕ್ಕೆ ನಾಲ್ಕನೆಯದರ ತಳದ ಪಟ್ಟಿ ಹಿಡಿದು ಜೋತುಬೀಳುತ್ತಾರೆ. ಒಂದು ಗೇಣು ಮೇಲೆ ಹೋಗಿ ಶಟರ್ ನಿಲ್ಲುತ್ತದೆ. ಮತ್ತೆ ಎಳೆಯುತ್ತಾರೆ. ಶಿವರುದ್ರಮ್ಮ ಕೋಲು ಬಿಟ್ಟು ಬಲಗೈಯನ್ನು ಪಟ್ಟಿಯ ಮೇಲಿಡುತ್ತಾರೆ. ಶಟರ್ ಅರ್ಧಕ್ಕೆ ಬರುತ್ತದೆ. ಟ್ಯೂಬ್‌ಲೈಟಿನ ಬೆಳಕು ಈಗ ಅವರ ಮೊಣಕಾಲಿನ ಕೆಳಗಷ್ಟೇ ಬೀಳುತ್ತಿದೆ. ಐದು, ಆರು, ಏಳು ಒಂದಾದ ಮೇಲೊಂದು ಇಳಿಯುತ್ತವೆ. ಏಳೂ ಒಂದೇ ಮಟ್ಟಕ್ಕೆ ನಿಂತಿವೆ. ಕಾಲಿನ ಸಪ್ಪಳ ಬಲತುದಿಗೆ ಹೋಗಿ ಮಾಯವಾಗುವವರೆಗೆ ಇಬ್ಬರೂ ಹಾಗೇ ಹಿಡಿದು ನಿಂತಿರುತ್ತಾರೆ. ನನ್ನ ಪಕ್ಕದ ಮುದುಕರೊಬ್ಬರು ಟೋಪಿ ಸರಿಮಾಡಿಕೊಂಡು ಕೈಯೆತ್ತಿ ದುವಾ ಕೇಳುತ್ತಿದ್ದಾರೆ.

ಆ ಹೊತ್ತಿನಲ್ಲಿ ಅವರಿಬ್ಬರು ಆಡಿದ್ದನ್ನು ಆಮೇಲೆ ಬೇರೆ ಬೇರೆಯಾಗಿ ಕೇಳಿದೆ. ಇಬ್ಬರೂ ಹೇಳಿದ್ದು ಒಂದೇ.

“ಯಾರು ಕಣಮ್ಮಾ ಹೋಗಿದ್ದು?” ಎಂದರಂತೆ ಶಿವರುದ್ರಮ್ಮ.

“ಯಾರೂ ಹೋಗಿಲ್ಲ ಅಮ್ಮಾ. ನಾಟಕ.”

ನಾಟಕ ಮುಗಿದು ಜನ ಕರಗಿದ ಮೇಲೆ ನಾನು ನಾಲ್ಕನೇ ಅಂಗಡಿಗೆ ಹೋಗುತ್ತೇನೆ. ಶಿವರುದ್ರಮ್ಮ ಗಲ್ಲಾದಲ್ಲಿ, ಮಹಜಬೀನ್ ಹೊಸ್ತಿಲ ಹೊರಗಿನ ಮೆಟ್ಟಿಲ ಮೇಲೆ. ಅಂಗೈಯಲ್ಲಿ ಪಟ್ಟಿಯ ಅಂಚು ಕೊಯ್ದು ರಕ್ತ ಬಂದಿದೆ. ಹುಸೇನ್ ಸಾಬ್ ಎಡಗೈಯಲ್ಲಿ ಅದಕ್ಕೆ ಬಟ್ಟೆ ಸುತ್ತುತ್ತಿದ್ದಾರೆ. ಪ್ರಭುದೇವ್ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದಾರೆ.

“ನಾಟಕ ಅಂತ ನನಗೆ ಗೊತ್ತಿತ್ತು ಕಣಪ್ಪ,” ಎಂದು ಶಿವರುದ್ರಮ್ಮ ನನಗೆ ಹೇಳುತ್ತಾರೆ. “ಬೋರ್ಡ್ ನೋಡಿದ್ದೆ, ಮೈಕಲ್ಲೂ ಕೇಳಿದ್ದೆ. ಆದ್ರೂ ಕಾಲ್ ಸಪ್ಪಳ ಬಂತು, ಕೈ ತಾನೇ ಹೋಯ್ತು. ಯಾರೋ ಹೋಗ್ತಾವ್ರೆ, ನಾನು ಕೂತಿದ್ರೆ ಹೆಂಗೆ ಅನ್ನಿಸ್ಬುಡ್ತು.” ಆಮೇಲೆ, “ಎಲ್ಲಾ ಗೊತ್ತಿದ್ದ ನಾನೇ ಇಂಗೆ ಮಾಡಿದ್ರೆ, ಅವತ್ತು ಹಾಲಿಗೆ ಬಂದೋರು ಏನು ಮಾಡ್ಯಾರು,” ಎನ್ನುತ್ತಾರೆ. ಮಹಜಬೀನ್ ತಲೆ ಎತ್ತುವುದಿಲ್ಲ.

ಈ ಅಂಗಡಿಯದು ಬಿಟ್ಟು ಉಳಿದ ಹದಿನೆಂಟು ಬೀಗದ ಕೈಗಳ ಕಥೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಬಸ್ಸಿಗೆ ಹೊತ್ತಾಗಿದೆ. ನಮ್ಮ ಪುರವಣಿಯ ಪದ್ಧತಿಯಂತೆ ಕೊನೆಯ ಪ್ರಶ್ನೆ ಕೇಳುತ್ತೇನೆ: ನಿಮಗೇನು ಆಸೆ ಇದೆಯಮ್ಮಾ?

ಮಹಜಬೀನ್ ಗಂಡನ ಮುಖ ನೋಡುತ್ತಾರೆ, ಆಮೇಲೆ ಎದುರಿನ ಬೀದಿಯನ್ನು.

“ನಾಲ್ಕು ವಾರದಿಂದ ಒಳಗೇ ಇದ್ದೀನಿ ಸಾರ್. ಬೀದಿಲಿ ನಿಂತ್ರೆ ಹೆಂಗೆ ಕಾಣುತ್ತೆ ಅಂತ ಒಂದಿನಾನೂ ನೋಡಿಲ್ಲ. ನಾಳೆ ಇನ್ನೊಂದು ಆಟ ಐತೆ. ಅರ್ಧಕ್ಕೆ ಇಳಿಯೋದು ಒಂದು ಸೀನ್, ಆ ಕಡೆ ನಿಂತ್ಕಂಡು ನೋಡ್ಬೇಕು ಅಂತ ಆಸೆ. ಆದ್ರೆ ಮೂರನೇದ್ರ ಹಗ್ಗ ಯಾರು ಹಿಡೀತಾರೆ?”

“ಅದನ್ನ ಪ್ರಭು ಹಿಡೀತಾನೆ,” ಎನ್ನುತ್ತಾರೆ ಶಿವರುದ್ರಮ್ಮ, ಮಗನ ಕಡೆ ನೋಡದೆಯೇ. “ನಮ್ಮಂಗಡೀದು ನಾನೇ ಇಳಿಸ್ತೀನಿ. ನೀನು ಬೆಳಿಗ್ಗೆ ಬಂದು ಆ ಸ್ಪ್ರಿಂಗು ಮೆತ್ತಗೆ ಮಾಡಿ ಕೊಡು, ನನ್ನ ಕೈ ಇನ್ನೂ ನೋಯ್ತೈತೆ.”